ಮನೆಮಂದಿ ಕೂಡಿದರೇ ಪಥ್ಯ: ಆಟಿಸಂ ಇರುವ ಮಗುವಿನ ಊಟದ ವಿಜ್ಞಾನ



ಪಥ್ಯ ಎಂಬ ಮಾತು ನಿಮಗೆ ಹೊಸದಲ್ಲ. ಮನೆಯಲ್ಲಿ ಯಾರಿಗಾದರೂ ಕಾಮಾಲೆ ಬಂದರೆ ಎಣ್ಣೆ ಬೇಡ, ಕರಿದದ್ದು ಬೇಡ ಅನ್ನುತ್ತಾರೆ. ಹೆರಿಗೆಯಾದ ಮನೆಯಲ್ಲಿ ಬಾಣಂತಿ ಪಥ್ಯವೇ ಬೇರೆ. ಅದರಲ್ಲಿ ಯಾವುದು ವಿಜ್ಞಾನಕ್ಕೆ ಸರಿ, ಯಾವುದು ಬರೀ ರೂಢಿ ಅನ್ನೋದು ಬೇರೆ ಪಾಠ. ಆದರೆ ಒಂದು ವಿಷಯ ಗಮನಿಸಿ. ಬಾಣಂತಿಗೆ ಕದ್ದುಮುಚ್ಚಿ ತಂಗಳನ್ನ ಕೊಡುವವರು ಯಾರಾದರೂ ಇದ್ದಾರಾ? ಇಲ್ಲ. ಅಜ್ಜಿಯಿಂದ ಹಿಡಿದು ಪಕ್ಕದ ಮನೆ ಅತ್ತೆಯವರೆಗೆ ಎಲ್ಲರೂ ಆ ಪಥ್ಯವನ್ನು ಕಾಯುತ್ತಾರೆ. ಏಕೆಂದರೆ ಅದು ಯಾಕೆ ಅಂತ ಎಲ್ಲರಿಗೂ ಗೊತ್ತು, ಅಥವಾ ಗೊತ್ತು ಅಂತ ನಂಬಿದ್ದಾರೆ.

ಈಗ ಅದೇ ಮನೆಯಲ್ಲಿ ಆಟಿಸಂ ಇರುವ ಒಂದು ಮಗು ಇದೆ, ವೈದ್ಯರು ಆ ಮಗುವಿಗೆ ಗೋಧಿ ಅಥವಾ ಹಾಲು ಕೊಡಬೇಡಿ ಎಂದಿದ್ದಾರೆ ಎಂದುಕೊಳ್ಳಿ. ತಾಯಿ ಬೆಳಗಿನಿಂದ ಸಂಜೆಯವರೆಗೆ ಕಾಯುತ್ತಾಳೆ. ಸಂಜೆ ಸಂತೆಯಿಂದ ಬಂದ ತಾತ ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು, "ಪಾಪ, ಮಗು. ಒಂದು ತಿಂದರೆ ಏನಾಗ್ತದೆ?" ಅನ್ನುತ್ತಾರೆ. ತಾತ ಕೆಟ್ಟವರಲ್ಲ. ಅವರಿಗೆ ಯಾರೂ ಕಾರಣ ಹೇಳಿಲ್ಲ, ಅಷ್ಟೆ.

ಆ ಕಾರಣವನ್ನು ಹೇಳುವುದು ವಿಜ್ಞಾನ ಓದುವವರ ಕೆಲಸ. ಅಂದರೆ ನಿಮ್ಮ ಕೆಲಸ. ಈ ಪಾಠದಲ್ಲಿ ಮೂರು ವಿಷಯ ಕಲಿಯೋಣ: ಯಾವ ಪಥ್ಯ ನಿಜಕ್ಕೂ ಬೇಕು, ಯಾವುದು ಬೇಡ, ಒಂದು ಬಿಸ್ಕತ್ತಿನಿಂದ ಏನಾಗುತ್ತದೆ, ಮನೆಮಂದಿಯನ್ನು ಜಗಳವಿಲ್ಲದೆ ಒಪ್ಪಿಸುವುದು ಹೇಗೆ.

1. ಆಟಿಸಂ ಎಂದರೇನು?

ಆಟಿಸಂ ಎಂಬುದು ಮಿದುಳಿನ ಬೆಳವಣಿಗೆಯಲ್ಲಿ ಹುಟ್ಟಿನಿಂದಲೇ ಇರುವ ಒಂದು ವ್ಯತ್ಯಾಸ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದೂ ಕರೆಯುತ್ತಾರೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೊ ಕ್ಯಾನರ್ 11 ಮಕ್ಕಳನ್ನು ಗಮನಿಸಿ ಇದರ ಬಗ್ಗೆ ಮೊದಲ ದೊಡ್ಡ ಲೇಖನ ಬರೆದರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಇಂಥದ್ದೇ ಮಕ್ಕಳ ಬಗ್ಗೆ ಬರೆದರು.

ಆಟಿಸಂ ಇರುವ ಮಕ್ಕಳೆಲ್ಲ ಒಂದೇ ಥರ ಇರುವುದಿಲ್ಲ. ಒಬ್ಬರಿಗೆ ಮಾತು ಬರುವುದೇ ತಡ. ಇನ್ನೊಬ್ಬರು ಚೆನ್ನಾಗಿ ಮಾತಾಡಿದರೂ ಎದುರಿಗಿರುವವರ ಮನಸ್ಸು ತಿಳಿಯುವುದು ಕಷ್ಟ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ದಿನಚರಿ ಸ್ವಲ್ಪ ಬದಲಾದರೂ ಗಾಬರಿಯಾಗುವುದು, ಶಬ್ದ, ಬೆಳಕು, ವಾಸನೆಗಳು ನಮಗಿಂತ ಹೆಚ್ಚಾಗಿ ತಟ್ಟುವುದು, ಇವು ಸಾಮಾನ್ಯ ಲಕ್ಷಣಗಳು.

ಇದು ಅಂಟುವ ಕಾಯಿಲೆ ಅಲ್ಲ. ತಾಯಿ ಸರಿಯಾಗಿ ಸಾಕದ್ದರಿಂದ ಬಂದದ್ದಲ್ಲ. ಹಿಂದೆ ಕೆಲವು ವೈದ್ಯರೇ ಹಾಗೆ ಹೇಳಿದ್ದರು, ಆ ಮಾತು ಸುಳ್ಳೆಂದು ಸಾಬೀತಾಗಿ ದಶಕಗಳೇ ಆದವು. ಲಸಿಕೆಯಿಂದಲೂ ಬರುವುದಿಲ್ಲ, ಹಿಂದಿನ ಜನ್ಮದ ಪಾಪದಿಂದಲೂ ಅಲ್ಲ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅದಕ್ಕಿಂತ ಹಿಂದಿನ 1995ರ ಕಾಯ್ದೆಯಲ್ಲಿ ಅದರ ಹೆಸರೇ ಇರಲಿಲ್ಲ.

2. ಊಟದ ಹೊತ್ತಿಗೇ ಯಾಕೆ ಕಷ್ಟ?

ಆಟಿಸಂ ಇರುವ ಬಹಳಷ್ಟು ಮಕ್ಕಳು ಕೆಲವೇ ಕೆಲವು ತಿನಿಸುಗಳನ್ನು ಮಾತ್ರ ತಿನ್ನುತ್ತಾರೆ. ಇದು ಹಟ ಅಲ್ಲ. ಬೆಂಡೆಕಾಯಿಯ ಲೋಳೆ ನಮಗೆ ಬರೀ ಲೋಳೆ. ಆ ಮಗುವಿನ ನಾಲಿಗೆಗೆ ಅದು ತಡೆಯಲಾರದ ಹಿಂಸೆ ಆಗಿರಬಹುದು. ಅನ್ನಕ್ಕೆ ಸಾರು ತಾಗಿದರೆ ಇಡೀ ತಟ್ಟೆಯನ್ನೇ ದೂಡಬಹುದು. ಬಿಳಿ ಬಣ್ಣದ್ದು ಮಾತ್ರ, ಗರಿಗರಿಯಾದದ್ದು ಮಾತ್ರ, ಒಂದೇ ಕಂಪನಿಯ ಬಿಸ್ಕತ್ತು ಮಾತ್ರ ತಿನ್ನುವ ಮಕ್ಕಳೂ ಇದ್ದಾರೆ.

ಇದರ ಜೊತೆಗೆ ಮಲಬದ್ಧತೆ, ಹೊಟ್ಟೆನೋವು, ಭೇದಿ ಮುಂತಾದ ತೊಂದರೆಗಳೂ ಈ ಮಕ್ಕಳಲ್ಲಿ ಹೆಚ್ಚು. ಮಾತು ಬಾರದ ಮಗು ಹೊಟ್ಟೆ ನೋಯುತ್ತಿದೆ ಎಂದು ಹೇಗೆ ಹೇಳಬೇಕು? ಅಳುತ್ತದೆ, ಕಚ್ಚುತ್ತದೆ, ತಲೆ ಚಚ್ಚಿಕೊಳ್ಳುತ್ತದೆ. ನೋಡುವವರು ಇದನ್ನು "ರಂಪ" ಅನ್ನುತ್ತಾರೆ. ಒಳಗಿರುವುದು ನೋವು. ಹೊಟ್ಟೆಯ ತೊಂದರೆಗೆ ಚಿಕಿತ್ಸೆ ಸಿಕ್ಕರೆ ಎಷ್ಟೋ ಸಲ ರಂಪವೂ ಕಡಿಮೆಯಾಗುತ್ತದೆ.

3. ಪಥ್ಯದಲ್ಲಿ ಮೂರು ಬಗೆ

ಎಲ್ಲ ಪಥ್ಯವೂ ಒಂದೇ ತೂಕದ್ದಲ್ಲ. ಮೊದಲು ಇದನ್ನು ಬೇರ್ಪಡಿಸಿ ನೋಡೋಣ.

ಅ) ಕಡ್ಡಾಯ ಪಥ್ಯ. ರಕ್ತಪರೀಕ್ಷೆಯಿಂದ ಅಥವಾ ಬೇರೆ ಪರೀಕ್ಷೆಯಿಂದ ಕಾಯಿಲೆ ಖಚಿತವಾಗಿದೆ. ಆ ಪದಾರ್ಥ ತಿಂದರೆ ಮೈಗೆ ಹಾನಿ ಖಂಡಿತ. ಉದಾಹರಣೆ: ಸೀಲಿಯಾಕ್ ಕಾಯಿಲೆ, ಹಾಲಿನ ಅಲರ್ಜಿ, ಫೀನೈಲ್‌ಕೀಟೋನ್ಯೂರಿಯಾ.

ಆ) ಪರೀಕ್ಷಾ ಪಥ್ಯ. ಕಾರಣ ಖಚಿತವಿಲ್ಲ. ವೈದ್ಯರು ಕೆಲವು ವಾರ ಒಂದು ಪದಾರ್ಥ ನಿಲ್ಲಿಸಿ ನೋಡಲು ಹೇಳಿದ್ದಾರೆ. ಅದಕ್ಕೊಂದು ಆರಂಭದ ದಿನ, ಒಂದು ಮುಗಿಯುವ ದಿನ ಇರುತ್ತದೆ.

ಇ) ಕೇಳಿ ಬಂದ ಪಥ್ಯ. ಯಾರೋ ಫೋನಿನಲ್ಲಿ ಕಳಿಸಿದ ವಿಡಿಯೊ, ಯಾರೋ ಮಾರುವ ಪುಡಿ, "ಮೂರು ತಿಂಗಳಲ್ಲಿ ಗುಣ" ಎಂಬ ಜಾಹೀರಾತು.

ಮೊದಲ ಎರಡಕ್ಕೆ ಮನೆಮಂದಿಯ ಬೆಂಬಲ ಬೇಕೇ ಬೇಕು. ಮೂರನೆಯದನ್ನು ವೈದ್ಯರನ್ನು ಕೇಳದೆ ಆರಂಭಿಸಲೇಬಾರದು.

4. ಪಥ್ಯವೊಂದು ಮಿದುಳನ್ನು ಕಾಪಾಡಿದ ಕಥೆ

"ಊಟಕ್ಕೂ ಮಿದುಳಿಗೂ ಏನು ಸಂಬಂಧ ಸಾರ್?" ಎಂದು ತರಗತಿಯಲ್ಲಿ ಯಾರಾದರೂ ಕೇಳುತ್ತಾರೆ. ಅದಕ್ಕೆ ಉತ್ತರ ಈ ಕಥೆ.

1934ರಲ್ಲಿ ನಾರ್ವೆ ದೇಶದಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನು ವೈದ್ಯ ಆಸ್ಬ್ಯೋರ್ನ್ ಫಾಲಿಂಗ್ ಬಳಿಗೆ ಕರೆತಂದಳು. ಇಬ್ಬರಿಗೂ ಬುದ್ಧಿ ಬೆಳೆದಿರಲಿಲ್ಲ, ಮೈಯಲ್ಲಿ ಒಂಥರಾ ಮುಗ್ಗಲು ವಾಸನೆ. ಬೇರೆ ವೈದ್ಯರು ಕೈಬಿಟ್ಟಿದ್ದರೂ ಆ ತಾಯಿ ವಾಸನೆಯ ಬಗ್ಗೆ ಕೇಳುವುದನ್ನು ಬಿಡಲಿಲ್ಲ. ಫಾಲಿಂಗ್ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರು ಬಣ್ಣಕ್ಕೆ ತಿರುಗಿತು. ಹಾಗೆ ಆಗಬಾರದಿತ್ತು. ಆಮೇಲೆ ಅವರು ಇಂಥ ಸಂಸ್ಥೆಗಳಲ್ಲಿದ್ದ 430 ಮಂದಿಯನ್ನು ಪರೀಕ್ಷಿಸಿ ಇನ್ನೂ 8 ಮಂದಿಯಲ್ಲಿ ಇದನ್ನು ಕಂಡರು. ಇದೇ ಫೀನೈಲ್‌ಕೀಟೋನ್ಯೂರಿಯಾ.

ನಾವು ತಿನ್ನುವ ಪ್ರೋಟೀನಿನಲ್ಲಿ ಫೀನೈಲ್ ಅಲನೈನ್ ಎಂಬ ಅಮೈನೋ ಆಮ್ಲ ಇದೆ. ಅದನ್ನು ಬೇರೆ ಅಮೈನೋ ಆಮ್ಲವಾಗಿ ಬದಲಿಸುವ ಕಿಣ್ವ ಈ ಮಕ್ಕಳ ಪಿತ್ತಜನಕಾಂಗದಲ್ಲಿ ಕೆಲಸ ಮಾಡುವುದಿಲ್ಲ. ಫೀನೈಲ್ ಅಲನೈನ್ ರಕ್ತದಲ್ಲಿ ತುಂಬಿಕೊಂಡು ಬೆಳೆಯುವ ಮಿದುಳನ್ನು ಕೆಡಿಸುತ್ತದೆ. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಆಟಿಸಂನ ಲಕ್ಷಣಗಳೂ ಕಾಣಬಹುದು.

1950ರ ದಶಕದ ಆರಂಭ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆ. ಸುಮಾರು 2 ವರ್ಷದ ಹೆಣ್ಣು ಮಗು. ನಿಲ್ಲಲಾರದು, ಮಾತಿಲ್ಲ, ಸದಾ ಅಳು, ತಲೆ ಚಚ್ಚಿಕೊಳ್ಳುವುದು. ತಾಯಿ ದಿನವೂ ವೈದ್ಯರ ಪ್ರಯೋಗಾಲಯದ ಮುಂದೆ ನಿಂತು, ನನ್ನ ಮಗಳಿಗೆ ಏನು ದಾರಿ ಎಂದು ಕೇಳುತ್ತಿದ್ದಳು. ವೈದ್ಯ ಹಾರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಹಾಲಿನ ಕೇಸೀನನ್ನು ಆಮ್ಲದಿಂದ ಒಡೆದು, ಇದ್ದಿಲಿನ ಮೂಲಕ ಸೋಸಿ, ಫೀನೈಲ್ ಅಲನೈನ್ ತೆಗೆದ ಆಹಾರ ತಯಾರಿಸಿದರು. ಕೆಲವು ತಿಂಗಳಲ್ಲಿ ಮಗು ಅಂಬೆಗಾಲಿಟ್ಟಿತು, ನಿಂತಿತು, ಕುರ್ಚಿ ಹತ್ತಿತು. ಅಳು ನಿಂತಿತು.

ಇಲ್ಲಿ ವೈದ್ಯರಿಗೆ ಒಂದು ಸಂಶಯ. ಇದು ನಿಜವಾಗಿ ಪಥ್ಯದಿಂದಲೇ ಆಯಿತೋ, ಅಥವಾ ತಾಯಿಯ ಆಸೆ ಹಾಗೆ ಕಾಣಿಸುತ್ತಿದೆಯೋ? ಅವರು ತಾಯಿಗೆ ತಿಳಿಸದೆ ಆಹಾರಕ್ಕೆ ಫೀನೈಲ್ ಅಲನೈನನ್ನು ಮತ್ತೆ ಸೇರಿಸಿದರು. ಕೆಲವೇ ದಿನಗಳಲ್ಲಿ ಮಗು ಹಳೆಯ ಸ್ಥಿತಿಗೆ ಜಾರಿತು. ಕಾರಣ ಖಚಿತವಾಯಿತು. 1953ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಇಂದು ಹಾಗೆ ಹೇಳದೆ ಸೇರಿಸುವಂತಿಲ್ಲ. ಮನೆಯವರ ಒಪ್ಪಿಗೆ ಪಡೆದೇ ಪ್ರಯೋಗ ಮಾಡಬೇಕು.

1960ರ ದಶಕದಲ್ಲಿ ರಾಬರ್ಟ್ ಗತ್ರಿ, ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಇದನ್ನು ಪತ್ತೆಮಾಡುವ ಪರೀಕ್ಷೆ ತಂದರು. ಮೊದಲ ದಿನಗಳಲ್ಲೇ ಪಥ್ಯ ಆರಂಭಿಸಿದರೆ ಮಿದುಳು ಉಳಿಯುತ್ತದೆ. ಸಕ್ಕರೆಯಿಲ್ಲದ ಪಾನೀಯದ ಬಾಟಲಿ ಸಿಕ್ಕರೆ ಹಿಂದೆ ಮುಂದೆ ತಿರುಗಿಸಿ ಓದಿ. ಅದರಲ್ಲಿ ಆಸ್ಪಾರ್ಟೇಮ್ ಇದ್ದರೆ ಈ ಕಾಯಿಲೆಯವರಿಗೆ ಎಚ್ಚರಿಕೆಯ ಸಾಲೊಂದು ಇರುತ್ತದೆ. ಯಾಕೆ ಅಂತ ಈಗ ನಿಮಗೆ ಗೊತ್ತಾಯಿತಲ್ಲ?

5. ರೊಟ್ಟಿ ಇಲ್ಲದ ಚಳಿಗಾಲ

ಎರಡನೇ ಕಥೆ ನೆದರ್‌ಲೆಂಡ್ಸ್ ದೇಶದ್ದು. ಅಲ್ಲಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ, ಸೀಲಿಯಾಕ್ ಎಂಬ ಹೊಟ್ಟೆಯ ಕಾಯಿಲೆಯ ಮಕ್ಕಳಿಗೆ ಗೋಧಿ ಬಿಡಿಸಿ ನೋಡುತ್ತಿದ್ದರು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ದೇಶಕ್ಕೆ ಭೀಕರ ಬರ ಬಂತು. ಬ್ರೆಡ್ಡು ಸಿಗಲಿಲ್ಲ. ಬೇರೆ ಮಕ್ಕಳು ಸೊರಗಿದರೆ, ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡರು! ಯುದ್ಧ ಮುಗಿದು ಬ್ರೆಡ್ಡು ಬಂದಾಗ ಅವರ ಹೊಟ್ಟೆ ಮತ್ತೆ ಕೆಟ್ಟಿತು. 1950ರಲ್ಲಿ ಡಿಕೆ ಇದನ್ನು ತಮ್ಮ ಪ್ರಬಂಧದಲ್ಲಿ ಬರೆದರು.

ಸೀಲಿಯಾಕ್ ಇರುವವರು ಗೋಧಿಯ ಗ್ಲೂಟೆನ್ ತಿಂದರೆ ಅವರ ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಗೋಡೆಯ ಮೇಲೆಯೇ ತಿರುಗಿ ಬೀಳುತ್ತದೆ. ಆಹಾರ ಹೀರುವ ಬೆರಳಿನಾಕಾರದ ಅಂಕುರಗಳು (ನಿಮ್ಮ ಪುಸ್ತಕದಲ್ಲಿರುವ ವಿಲ್ಲೈ) ಸವೆದು ಹೋಗುತ್ತವೆ. ಇವರಿಗೆ ಚಿಟಿಕೆಯಷ್ಟು ಗೋಧಿಯೂ ಬೇಡ. ಹಾಗಾಗಿಯೇ ನಮ್ಮ ದೇಶದ ಆಹಾರ ನಿಯಮದಲ್ಲಿ ಒಂದು ಕಿಲೊ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲೂಟೆನ್ ಇದ್ದರೆ "ಗ್ಲೂಟೆನ್ ರಹಿತ" ಎಂದು ಬರೆಯುವಂತಿಲ್ಲ.

ಒಂದು ಎಚ್ಚರಿಕೆ: ಸೀಲಿಯಾಕ್ ಸಂಶಯ ಇದ್ದರೆ ಗೋಧಿ ನಿಲ್ಲಿಸುವ ಮುಂಚೆಯೇ ರಕ್ತಪರೀಕ್ಷೆ ಮಾಡಿಸಬೇಕು. ಮೊದಲೇ ನಿಲ್ಲಿಸಿದರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೇ ಹೋಗಬಹುದು.

6. ಮಾಡಿ ನೋಡಿ

ಗ್ಲೂಟೆನ್, ಕೇಸೀನ್ ಎಂದು ಹೇಳುತ್ತಲೇ ಇದ್ದೇವೆ. ಕೈಯಲ್ಲಿ ಹಿಡಿದು ನೋಡೋಣ. ದೊಡ್ಡವರು ಜೊತೆಯಲ್ಲಿರಲಿ.

ಚಟುವಟಿಕೆ 1: ಒಂದು ಹಿಡಿ ಮೈದಾ ಹಿಟ್ಟನ್ನು ನೀರು ಹಾಕಿ ಚೆನ್ನಾಗಿ ನಾದಿ 20 ನಿಮಿಷ ಬಿಡಿ. ಆಮೇಲೆ ಬೋಗುಣಿ ನೀರಿನಲ್ಲಿ ಆ ಉಂಡೆಯನ್ನು ಮೆತ್ತಗೆ ಹಿಸುಕುತ್ತ ತೊಳೆಯಿರಿ. ನೀರು ಬೆಳ್ಳಗಾಗುತ್ತದೆ, ಅದು ಪಿಷ್ಟ. ಶಾಲೆಯಲ್ಲಿ ಆ ನೀರಿಗೆ ಒಂದು ಹನಿ ಅಯೋಡಿನ್ ಹಾಕಿದರೆ ಕಡುನೀಲಿ ಆಗುತ್ತದೆ. ನೀರು ಬದಲಿಸುತ್ತ ತೊಳೆದರೆ ಕೊನೆಗೆ ಕೈಯಲ್ಲಿ ಉಳಿಯುವುದು ರಬ್ಬರಿನಂತೆ ಎಳೆದರೆ ಹಿಗ್ಗುವ ಒಂದು ಮುದ್ದೆ. ಅದೇ ಗ್ಲೂಟೆನ್. ಈಗ ರಾಗಿ ಹಿಟ್ಟಿನಲ್ಲಿ ಇದನ್ನೇ ಮಾಡಿ. ಎಲ್ಲ ಕರಗಿ ಹೋಗುತ್ತದೆ, ಕೈಯಲ್ಲಿ ರಬ್ಬರು ಉಳಿಯುವುದಿಲ್ಲ. ಪರೋಟ ಎಳೆದಂತೆ ರಾಗಿ ರೊಟ್ಟಿಯನ್ನು ಎಳೆಯಲು ಆಗದಿರುವುದು ಇದಕ್ಕೇ.

ಚಟುವಟಿಕೆ 2: ಅರ್ಧ ಲೋಟ ಬಿಸಿ ಹಾಲಿಗೆ ನಿಂಬೆರಸ ಹಿಂಡಿ. ಒಡೆದು ಬಿಳಿ ಗಟ್ಟಿ ಬೇರೆಯಾಗುತ್ತದೆ. ಬಟ್ಟೆಯಲ್ಲಿ ಸೋಸಿ. ಬಟ್ಟೆಯಲ್ಲಿ ಉಳಿದದ್ದರಲ್ಲಿ ಮುಖ್ಯವಾಗಿ ಇರುವುದು ಕೇಸೀನ್ ಮತ್ತು ಕೊಬ್ಬು. ಮೊಸರು, ಮಜ್ಜಿಗೆ, ಪನೀರ್ ಎಲ್ಲದರಲ್ಲೂ ಕೇಸೀನ್ ಇದೆ. ಚೆನ್ನಾಗಿ ಕಾಯಿಸಿ ಸೋಸಿದ ತುಪ್ಪದಲ್ಲಿ ಬಹಳ ಕಡಿಮೆ.

7. ಹಾಗಾದರೆ ಈ ಪಥ್ಯದಿಂದ ಆಟಿಸಂ ಗುಣವಾಗುತ್ತದೆಯೇ?

ಇಲ್ಲ. ಇದನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು.

ಗ್ಲೂಟೆನ್ ಮತ್ತು ಕೇಸೀನ್ ಪೂರ್ತಿ ಜೀರ್ಣವಾಗದೆ ಸಣ್ಣ ತುಂಡುಗಳಾಗಿ ರಕ್ತಕ್ಕೆ ಸೇರಿ, ಮಿದುಳಿನಲ್ಲಿ ಅಫೀಮಿನಂತೆ ಕೆಲಸ ಮಾಡುತ್ತವೆ ಎಂಬ ಊಹೆ 1980ರ ಸುಮಾರಿಗೆ ಹುಟ್ಟಿತು. ಊಹೆ ಚೆನ್ನಾಗಿಯೇ ಇತ್ತು. ಆದರೆ ಊಹೆಯನ್ನು ಪರೀಕ್ಷೆಗೆ ಒಡ್ಡಬೇಕಲ್ಲವೇ?

2006ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 15 ಮಕ್ಕಳ ಮೇಲೆ 12 ವಾರದ ಪ್ರಯೋಗ ನಡೆಯಿತು. ಅರ್ಧ ಅವಧಿ ಪಥ್ಯದ ಊಟ, ಅರ್ಧ ಅವಧಿ ಮಾಮೂಲಿ ಊಟ. ಯಾವಾಗ ಯಾವುದು ಎಂದು ತಂದೆತಾಯಿಗೂ ಗೊತ್ತಿಲ್ಲ, ಮಕ್ಕಳನ್ನು ಗಮನಿಸುವವರಿಗೂ ಗೊತ್ತಿಲ್ಲ. ಇದಕ್ಕೆ ಇಬ್ಬದಿ ಮರೆಯ ಪ್ರಯೋಗ ಎನ್ನಬಹುದು. ಅಳೆದು ನೋಡಿದಾಗ ಎರಡು ಅವಧಿಗಳ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಆದರೂ ಕೆಲವು ತಂದೆತಾಯಿಗಳು ಮಗು ಸುಧಾರಿಸಿತು ಎಂದರು. ಅವರು ಸುಳ್ಳು ಹೇಳಲಿಲ್ಲ. ಆಸೆ ಇರುವಲ್ಲಿ ಕಣ್ಣು ಹಾಗೆಯೇ ನೋಡುತ್ತದೆ. 2016ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 14 ಮಕ್ಕಳನ್ನು ಪಥ್ಯದಲ್ಲಿಟ್ಟು, ಗುಟ್ಟಾಗಿ ಗ್ಲೂಟೆನ್ ಅಥವಾ ಕೇಸೀನ್ ಇರುವ ತಿಂಡಿ ಕೊಟ್ಟು ನೋಡಿದರು. ನಡವಳಿಕೆ, ನಿದ್ದೆ, ಹೊಟ್ಟೆ ಯಾವುದರಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನ ಸರ್ಕಾರಿ ವೈದ್ಯಕೀಯ ಮಾರ್ಗಸೂಚಿಯೂ 2013ರಲ್ಲಿ, ಆಟಿಸಂನ ಮೂಲ ಲಕ್ಷಣಗಳಿಗೆ ಇಂಥ ಪಥ್ಯ ಬಳಸಬೇಡಿ ಎಂದಿತು.

ಹಾಗಾದರೆ ವೈದ್ಯರು ಕೆಲವು ಮಕ್ಕಳಿಗೆ ಪಥ್ಯ ಯಾಕೆ ಹೇಳುತ್ತಾರೆ? ಆ ಮಗುವಿಗೆ ಆಟಿಸಂ ಜೊತೆಗೆ ಸೀಲಿಯಾಕ್, ಹಾಲಿನ ಅಲರ್ಜಿ, ಹಾಲಿನ ಸಕ್ಕರೆ ಜೀರ್ಣವಾಗದಿರುವುದು, ತೀವ್ರ ಮಲಬದ್ಧತೆ ಇರಬಹುದು. ಪಥ್ಯ ಹೊಟ್ಟೆಗೆ. ಹೊಟ್ಟೆ ನೆಮ್ಮದಿಯಾದರೆ ಮಗು ನೆಮ್ಮದಿ. ಮನೆಯವರಿಗೆ ಇದನ್ನೇ ಹೇಳಿ. "ಪಥ್ಯ ಮಾಡಿದರೆ ಮಾತು ಬರುತ್ತೆ" ಎಂದು ಹೇಳಿ ಒಪ್ಪಿಸಬೇಡಿ. ಮಾತು ಬರದಿದ್ದರೆ ನಾಳೆ ಅವರು ಪಥ್ಯವನ್ನೂ ನಂಬುವುದಿಲ್ಲ, ವೈದ್ಯರನ್ನೂ ನಂಬುವುದಿಲ್ಲ.

ಕಾರಣವಿಲ್ಲದ ಪಥ್ಯದಿಂದ ನಷ್ಟವೂ ಇದೆ. ಮೊದಲೇ ನಾಲ್ಕೈದು ತಿನಿಸು ಮಾತ್ರ ತಿನ್ನುವ ಮಗುವಿನಿಂದ ಎರಡನ್ನು ಕಿತ್ತುಕೊಂಡರೆ ಏನು ಉಳಿಯುತ್ತದೆ? ಕ್ಯಾಲ್ಸಿಯಂ, ಪ್ರೋಟೀನ್, ವಿಟಮಿನ್ ಕೊರತೆಯಾಗಿ ಮೂಳೆ ದುರ್ಬಲವಾಗಬಹುದು. ಹಣ್ಣು ತರಕಾರಿ ಮುಟ್ಟದ ಇಂಥ ಮಕ್ಕಳಲ್ಲಿ ವಿಟಮಿನ್ ಸಿ ಕೊರತೆಯ ಸ್ಕರ್ವಿ ಕಾಣಿಸಿಕೊಂಡದ್ದೂ ಇದೆ.

8. ಒಂದು ಬಿಸ್ಕತ್ತು ಏನು ಮಾಡುತ್ತದೆ?

ಈಗ ತಾತನ ಪ್ರಶ್ನೆಗೆ ಉತ್ತರ ಕೊಡಬಹುದು.

ಕಡ್ಡಾಯ ಪಥ್ಯ ಆದರೆ, ಒಂದು ಬಿಸ್ಕತ್ತು ನೇರವಾಗಿ ಹಾನಿ. ಹೊರಗೆ ಏನೂ ಕಾಣದಿದ್ದರೂ ಒಳಗೆ ಕರುಳು ಸವೆಯುತ್ತದೆ. ಹಾಲಿನ ಅಲರ್ಜಿ ಇದ್ದರೆ ಉಸಿರಿಗೇ ಕಷ್ಟವಾಗಬಹುದು.

ಪರೀಕ್ಷಾ ಪಥ್ಯ ಆದರೆ, ಒಂದು ಬಿಸ್ಕತ್ತು ಪ್ರಯೋಗವನ್ನು ಕೆಡಿಸುತ್ತದೆ. ಪ್ರಯೋಗದಲ್ಲಿ ಒಂದು ಚರವನ್ನು ಮಾತ್ರ ಬದಲಿಸಬೇಕು, ಉಳಿದದ್ದು ಹಾಗೇ ಇರಬೇಕು ಎಂದು ಓದಿದ್ದೀರಿ. ಗಿಡಕ್ಕೆ ಬೆಳಕು ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡಲು ಪೆಟ್ಟಿಗೆ ಮುಚ್ಚುತ್ತೀರಿ. ತಮ್ಮ ಬಂದು ದಿನವೂ ಪೆಟ್ಟಿಗೆ ತೆರೆದು ನೋಡಿದರೆ ಆ ಫಲಿತಾಂಶಕ್ಕೆ ಬೆಲೆ ಇದೆಯಾ? ಇಲ್ಲೂ ಹಾಗೆಯೇ. ತಾಯಿ ಆರು ವಾರ ಪಥ್ಯ ಮಾಡಿದ್ದೇನೆ ಅಂದುಕೊಂಡಿದ್ದಾಳೆ. ತಾತ ದಿನಕ್ಕೊಂದು ಬಿಸ್ಕತ್ತು ಕೊಟ್ಟಿದ್ದಾರೆ. ವೈದ್ಯರು ಪಥ್ಯದಿಂದ ಪ್ರಯೋಜನವಿಲ್ಲ ಎಂದು ಬರೆಯುತ್ತಾರೆ. ನಿಜವಾಗಿ ಪ್ರಯೋಜನ ಇತ್ತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಮಗು ಆರು ವಾರ ಇಷ್ಟದ ತಿನಿಸು ಬಿಟ್ಟದ್ದು ದಂಡ. ಮತ್ತೆ ಮೊದಲಿನಿಂದ ಆರಂಭಿಸಬೇಕು.

ಹಾಗಾಗಿ ಮುಖ್ಯ ನಿಯಮ ಇದು: ಕೊಟ್ಟಿದ್ದರೆ ಬಚ್ಚಿಡಬೇಡಿ. ತಪ್ಪಿ ಕೊಟ್ಟದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದರೆ ಅದೂ ಒಂದು ಮಾಹಿತಿ. ಬಚ್ಚಿಟ್ಟರೆ ಎಲ್ಲ ಮಾಹಿತಿಯೂ ಸುಳ್ಳು. ಬಚ್ಚಿಡಬಾರದು ಅಂದರೆ, ಹೇಳಿದವರನ್ನು ಬೈಯಲೂಬಾರದು.

9. ಮನೆಮಂದಿಯನ್ನು ಒಪ್ಪಿಸುವುದು

ಅಜ್ಜಿ, ತಾತ, ದೊಡ್ಡಪ್ಪ, ಚಿಕ್ಕಮ್ಮ, ಅತ್ತೆ, ಪಕ್ಕದ ಮನೆಯವರು, ಪ್ರತಿಯೊಬ್ಬರೂ ಕೊಡುವುದು ಪ್ರೀತಿಯಿಂದ. ನಮ್ಮಲ್ಲಿ ಪ್ರೀತಿ ತೋರುವುದೇ ತಿನ್ನಲು ಕೊಟ್ಟು. ಆ ದಾರಿಯನ್ನು ಮುಚ್ಚಿದರೆ ಅವರು ಕಳ್ಳದಾರಿ ಹುಡುಕುತ್ತಾರೆ. ಆದ್ದರಿಂದ ದಾರಿ ಮುಚ್ಚಬೇಡಿ, ಬದಲಿಸಿ.

ಮೊದಲನೆಯದು, ಅಜ್ಜಿಯ ಡಬ್ಬಿ. ಮಗುವಿಗೆ ಕೊಡಬಹುದಾದ ತಿನಿಸುಗಳನ್ನೇ ಒಂದು ಡಬ್ಬಿಗೆ ಹಾಕಿ ಅಜ್ಜಿಯ ಕೈಗೇ ಕೊಡಿ: ಕಡಲೆಕಾಯಿ ಉಂಡೆ, ಎಳ್ಳುಂಡೆ, ಪುರಿ, ಬಾಳೆಹಣ್ಣು. "ಇದರಿಂದ ನೀವೇ ಕೊಡಿ ಅಜ್ಜಿ, ಬೇರೆ ಯಾರಿಗೂ ಬಿಡಬೇಡಿ" ಎನ್ನಿ. ಕಡಲೆಕಾಯಿ, ಎಳ್ಳಿನ ಅಲರ್ಜಿ ಇಲ್ಲವೆಂದು ಮೊದಲೇ ಕೇಳಿಕೊಳ್ಳಿ. ನಿನ್ನೆವರೆಗೆ ಪಥ್ಯ ಮುರಿಯುತ್ತಿದ್ದ ಅಜ್ಜಿ ಇವತ್ತಿಂದ ಪಥ್ಯದ ಕಾವಲು.

ಎರಡನೆಯದು, ಕಾರಣವನ್ನು ಅವರ ಮಾತಿನಲ್ಲೇ ಹೇಳಿ. ಹೀಗೆ:

"ಅಜ್ಜಿ, ಬಾಣಂತಿಗೆ ನೀವು ತಂಗಳು ಕೊಡ್ತೀರಾ?"
"ಏ, ಯಾರಾದ್ರೂ ಕೊಡ್ತಾರಾ?"
"ತಂಗಿ ಕರುಳಲ್ಲೂ ಹಾಗೇ ಹುಣ್ಣಿನಂಗೆ ಆಗದೆ ಅಂತ ಡಾಕ್ಟ್ರು ಹೇಳವ್ರೆ. ಬಿಸ್ಕತ್ತು ಅದರ ಮೇಲೆ ಉಪ್ಪು ಹಾಕಿದಂಗೆ."
"ನಮ್ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?"
"ನಿಮ್ ಕಾಲದಲ್ಲಿ ಮೈದಾ ಎಲ್ಲಿತ್ತು ಅಜ್ಜಿ? ನೀವು ಉಂಡಿದ್ದು ರಾಗಿ, ಸಾಮೆ. ಡಾಕ್ಟ್ರು ಅದನ್ನೇ ಕೊಡಿ ಅಂತವ್ರೆ."

ಕೊನೆಯ ಮಾತು ಬರೀ ಉಪಾಯವಲ್ಲ, ನಿಜ. ಅಜ್ಜಿಗೆ ಗೊತ್ತಿರುವ ಅಡುಗೆಯೇ ಈ ಪಥ್ಯದ ಅಡುಗೆ.

ಮೂರನೆಯದು, ವೈದ್ಯರ ಚೀಟಿ. ದೊಡ್ಡವರಿಗೆ ಚಿಕ್ಕವರು ಬುದ್ಧಿ ಹೇಳಿದರೆ ಹಿಡಿಸುವುದಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ತಾತನನ್ನೋ ದೊಡ್ಡಪ್ಪನನ್ನೋ ಜೊತೆಗೆ ಕರೆದುಕೊಂಡು ಹೋಗಲು ಅಪ್ಪ ಅಮ್ಮನಿಗೆ ಹೇಳಿ. ವೈದ್ಯರ ಬಾಯಿಂದ ಒಂದು ಸಲ ಕೇಳಿದರೆ ಮನೆಯಲ್ಲಿ ಹತ್ತು ಸಲ ಹೇಳುವುದು ತಪ್ಪುತ್ತದೆ.

ನಾಲ್ಕನೆಯದು, ಗೋಡೆಯ ಪಟ್ಟಿ. "ಕೊಡಬಹುದು", "ಕೊಡಬಾರದು" ಎಂದು ಎರಡು ಸಾಲು ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ. ಕನ್ನಡದಲ್ಲೂ ತಮಿಳಿನಲ್ಲೂ ಬರೆಯಿರಿ, ಬಂದುಹೋಗುವ ನೆರೆಯವರಿಗೂ ತಿಳಿಯಲಿ. ಓದಲು ಬಾರದವರಿಗೆ ಪೊಟ್ಟಣದ ಚಿತ್ರ ಕತ್ತರಿಸಿ ಅಂಟಿಸಿ.

ಐದನೆಯದು, ಒಂದೇ ಪಂಕ್ತಿ. ಎಲ್ಲರೂ ಪರೋಟ ತಿನ್ನುತ್ತ ಮಗುವಿಗೆ ಮಾತ್ರ ಬೇರೆ ಕೊಟ್ಟರೆ ಅದು ಪಥ್ಯವಲ್ಲ, ಶಿಕ್ಷೆ. ಮಗುವಿನ ಮುಂದೆ ಎಲ್ಲರೂ ತಿನ್ನಬಲ್ಲದ್ದನ್ನೇ ತಿನ್ನಿ.

ಆರನೆಯದು, ಬಲವಂತ ಬೇಡ. ಹೊಸ ತಿನಿಸನ್ನು ಮೊದಲ ದಿನ ತಟ್ಟೆಯ ಪಕ್ಕ ಇಡಿ. ಮುಟ್ಟಲಿ, ಮೂಸಲಿ. ಆಮೇಲೆ ಸಾಸಿವೆ ಕಾಳಿನಷ್ಟು. ಒಂದು ತಿನಿಸು ಒಗ್ಗಲು ಹತ್ತು ಹದಿನೈದು ಸಲವೂ ಬೇಕಾಗಬಹುದು. ಮೂಗು ಹಿಡಿದು ತುರುಕಿದರೆ ಆ ತಿನಿಸು ಜನ್ಮದಲ್ಲಿ ಬೇಡವಾಗುತ್ತದೆ.

10. ನಮ್ಮ ಸೀಮೆಯ ತಟ್ಟೆ

ಸೇಲಂ, ಧರ್ಮಪುರಿ ಸೀಮೆಯವರಿಗೆ ಗ್ಲೂಟೆನ್ ಇಲ್ಲದ ಊಟ ಹುಡುಕುವುದು ಕಷ್ಟವೇ ಅಲ್ಲ. ಅಕ್ಕಿ, ರಾಗಿ, ಸಾಮೆ, ನವಣೆ, ಜೋಳ, ಸಜ್ಜೆ ಇವುಗಳಲ್ಲಿ ಗ್ಲೂಟೆನ್ ಇಲ್ಲ. ಸೇಲಂ ಸುತ್ತಿನ ಮರಗೆಣಸು, ಅದರಿಂದ ಮಾಡುವ ಸಬ್ಬಕ್ಕಿ (ತಮಿಳಿನ ಜವ್ವರಿಸಿ) ಇವುಗಳಲ್ಲೂ ಇಲ್ಲ. ಆದರೆ ಸಬ್ಬಕ್ಕಿ ಬಹುಪಾಲು ಪಿಷ್ಟ. ಜೊತೆಗೆ ಬೇಳೆ, ಕಾಳು, ಮೊಟ್ಟೆ ಬೇಕು. 2023ರಲ್ಲಿ ತಮಿಳುನಾಡು ಸರ್ಕಾರ ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳ ಪಡಿತರ ಅಂಗಡಿಗಳಲ್ಲಿ 2 ಕಿಲೊ ಅಕ್ಕಿಯ ಬದಲು 2 ಕಿಲೊ ರಾಗಿ ಕೊಡುವ ಯೋಜನೆ ಆರಂಭಿಸಿತು.

ಹಾಲು ಬಿಟ್ಟ ಮಗುವಿಗೆ ರಾಗಿ ಇನ್ನೂ ಮುಖ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 120. ರಾಗಿಯ ಕ್ಯಾಲ್ಸಿಯಂ ಎಲ್ಲವೂ ಮೈಗೆ ಹತ್ತುವುದಿಲ್ಲ. ಮೊಳಕೆ ಕಟ್ಟಿದರೆ, ಹುಳಿ ಬರಿಸಿದರೆ ಹೆಚ್ಚು ಹತ್ತುತ್ತದೆ. ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿಯಲ್ಲಿ ಹಂಚುವ ರಾಗಿ ಕೂಳು ಹುಳಿ ಬರಿಸಿದ್ದೇ. ಮಜ್ಜಿಗೆ ಬೆರೆಸುವ ಮುಂಚೆ ಮಗುವಿನ ಪಾಲನ್ನು ತೆಗೆದಿಟ್ಟರೆ ಹಬ್ಬವೂ ಆಯಿತು, ಪಥ್ಯವೂ ಆಯಿತು. ಪೊಂಗಲ್ ದಿನ ಹಾಲಿನ ಬದಲು ತೆಂಗಿನಹಾಲು ಹಾಕಿದರೆ ಸಕ್ಕರೆ ಪೊಂಗಲ್ ಎಲ್ಲರಿಗೂ ಒಂದೇ.

ಅಡಗಿರುವ ಕಡೆ ನೋಡಿ: ರವೆ, ಶಾವಿಗೆ, ರಸ್ಕ್, ಬನ್ನು, ವರ್ಕಿ, ಬಿಸ್ಕತ್ತು ಇವೆಲ್ಲ ಸಾಮಾನ್ಯವಾಗಿ ಗೋಧಿಯವೇ. ಪುಡಿ ಇಂಗಿನಲ್ಲಿ ಹಲವು ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಹಾಲಿಗೆ ಹಾಕುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ ಇರುತ್ತದೆ, ಅದರಲ್ಲೂ ಗ್ಲೂಟೆನ್ ಇದೆ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದುವುದು ಇನ್ನು ಮೇಲೆ ನಿಮ್ಮ ಕೆಲಸ. ಸೀಲಿಯಾಕ್ ಇರುವ ಮಗುವಿನ ರಾಗಿಯನ್ನು ಮಿಲ್ಲಿನಲ್ಲಿ ಗೋಧಿ ಬೀಸಿದ ಬೆನ್ನಿಗೇ ಹಾಕಿಸಬೇಡಿ. ಅಕ್ಕಿ ಅಥವಾ ರಾಗಿ ಬೀಸಿದ ಮೇಲೆ ಹಾಕಿಸಿ.

11. ಶಾಲೆಯಲ್ಲಿ ನೀವು

ಮಗು ನಿಮ್ಮದೇ ಶಾಲೆಗೆ ಬರುತ್ತಿರಬಹುದು. ಮುಖ್ಯಮಂತ್ರಿಗಳ ಬೆಳಗಿನ ಉಪಾಹಾರದಲ್ಲಿ ಕೆಲವು ದಿನ ರವೆ ಅಥವಾ ಶಾವಿಗೆ ಉಪ್ಪಿಟ್ಟು ಇರುತ್ತದೆ. ಅಂದು ಏನು ಕೊಡಬೇಕೆಂದು ಮಗುವಿನ ಮನೆಯವರು ತರಗತಿ ಶಿಕ್ಷಕರಿಗೂ ಅಡುಗೆಯವರಿಗೂ ಮೊದಲೇ ತಿಳಿಸಬೇಕು. ಹುಟ್ಟುಹಬ್ಬಕ್ಕೆ ಚಾಕಲೇಟು ಹಂಚುವವರು ಆ ಮಗುವಿಗೆ ಕಡಲೆಮಿಠಾಯಿ ತಂದರೆ ಸಾಕು. ಎಲ್ಲರಿಗೂ ಅದನ್ನೇ ತಂದರೆ ಇನ್ನೂ ಚೆನ್ನ. "ಅವನಿಗೆ ಕೊಡಬೇಡ್ರೋ" ಎಂದು ಕೂಗಬೇಡಿ. ಪಥ್ಯ ಇರುವುದು ಊಟಕ್ಕೆ, ಗೆಳೆತನಕ್ಕಲ್ಲ.

ಮಕ್ಕಳ ಬೆಳವಣಿಗೆಯ ಬಗ್ಗೆ ಸಂಶಯ ಇರುವ ಮನೆಯವರು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರದ ಬಗ್ಗೆ ಕೇಳಬಹುದು. ಚೆನ್ನೈ ಹತ್ತಿರದ ಮುಟ್ಟುಕಾಡಿನಲ್ಲಿ ಬಹು ಅಂಗವೈಕಲ್ಯದವರಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ನೆನಪಿಡಿ

• ಆಟಿಸಂ ಪಥ್ಯದಿಂದ ಗುಣವಾಗುವುದಿಲ್ಲ. ಹೊಟ್ಟೆಯ ಕಾಯಿಲೆಗೆ ಪಥ್ಯ ಬೇಕಾಗಬಹುದು.
• ಪಥ್ಯ ಆರಂಭಿಸುವುದು, ನಿಲ್ಲಿಸುವುದು ಎರಡೂ ವೈದ್ಯರನ್ನು ಕೇಳಿಯೇ.
• ತಪ್ಪಿ ಕೊಟ್ಟರೆ ಹೇಳಿ, ಬರೆದಿಡಿ. ಹೇಳಿದವರನ್ನು ಬೈಯಬೇಡಿ.

ಅಭ್ಯಾಸ

1. ಗೋಧಿ ಹಿಟ್ಟನ್ನು ತೊಳೆದಾಗ ರಬ್ಬರಿನಂಥ ಮುದ್ದೆ ಉಳಿಯುತ್ತದೆ, ರಾಗಿಯಲ್ಲಿ ಉಳಿಯುವುದಿಲ್ಲ. ಕಾರಣ ಕೊಡಿ.
2. ಬರ್ಮಿಂಗ್‌ಹ್ಯಾಮ್ ವೈದ್ಯರು ಫೀನೈಲ್ ಅಲನೈನನ್ನು ಮತ್ತೆ ಸೇರಿಸಿದ್ದು ಯಾಕೆ? ಇಂದು ಹಾಗೆ ಮಾಡುವುದಾದರೆ ಏನು ಬದಲಾಗಬೇಕು?
3. ಆರು ವಾರದ ಪರೀಕ್ಷಾ ಪಥ್ಯಕ್ಕೆ ಒಂದು ನೋಟ್‌ಬುಕ್ ಪುಟ ತಯಾರಿಸಿ. ದಿನಾಂಕ, ತಿಂದದ್ದು, ನಿದ್ದೆ, ಮಲವಿಸರ್ಜನೆ, ಅಳು, ತಪ್ಪಿ ಕೊಟ್ಟದ್ದು ಎಂಬ ಆರು ಅಂಕಣ ಇರಲಿ.
4. ನಿಮ್ಮ ಮನೆಯ ಐದು ಪೊಟ್ಟಣಗಳನ್ನು ಓದಿ, ಯಾವುದರಲ್ಲಿ ಗೋಧಿ, ಯಾವುದರಲ್ಲಿ ಹಾಲು ಇದೆ ಎಂದು ಪಟ್ಟಿ ಮಾಡಿ.
5. ಈ ಪಾಠವನ್ನು ಮನೆಯಲ್ಲಿ ಅಜ್ಜಿಗೋ ತಾತನಿಗೋ ಓದಿ ಹೇಳಿ. ಅವರು ಕೇಳಿದ ಒಂದು ಪ್ರಶ್ನೆಯನ್ನು ಬರೆದು ತರಗತಿಗೆ ತನ್ನಿ. ಉತ್ತರವನ್ನು ಎಲ್ಲರೂ ಸೇರಿ ಹುಡುಕೋಣ.